ವಿದ್ಯಾರ್ಥಿಗಳು ಹೋದ ಮೇಲೆ ಉಳಿಯುವ ಊರು

ಮೂರು ಊರುಗಳ ಹೆಸರನ್ನು ಎಕ್ಸೆಲ್ ಹಾಳೆಯ ಮೇಲ್ಸಾಲಿನಲ್ಲಿ ಬರೆದು, ಎಡಗಡೆ ಇಪ್ಪತ್ತಮೂರು ಪ್ರಶ್ನೆಗಳನ್ನು ಇಳಿಸಿ, ಒಂದೊಂದಕ್ಕೂ ಐದರೊಳಗೆ ಅಂಕ ಕೊಡುತ್ತಾ ಹೋದರೆ ಕೊನೆಗೆ ಒಂದು ಊರು ತಾನಾಗಿಯೇ ಮೇಲೆದ್ದು ನಿಲ್ಲುತ್ತದೆ ಎಂದು ನಂಬಿಕೊಂಡು ಈ ಜೂನ್‌ನಿಂದ ನಾನು ಕೂತಿದ್ದೇನೆ. ನ್ಯೂಯಾರ್ಕ್ ರಾಜ್ಯದ ಇಥಾಕಾ, ಅಯೋವಾ ರಾಜ್ಯದ ಅಯೋವಾ ಸಿಟಿ, ಆರೆಗಾನ್ ರಾಜ್ಯದ ಕೊರ್ವಾಲಿಸ್. ಒಂದು ಪೂರ್ವದ ಗುಡ್ಡಗಳ ನಡುವಿನದು, ಒಂದು ನಡುದೇಶದ ಮೆಕ್ಕೆಜೋಳದ ಹೊಲಗಳ ನಡುವಿನದು, ಇನ್ನೊಂದು ಪೆಸಿಫಿಕ್ ತೀರದಿಂದ ಒಂದು ಗಂಟೆ ಒಳಗಿರುವ ಕಣಿವೆಯದು. ಮೂರೂ ತಮ್ಮ ಗಾತ್ರಕ್ಕೆ ಮೀರಿದ ಒಂದೊಂದು ವಿಶ್ವವಿದ್ಯಾಲಯವನ್ನು ಸಾಕಿಕೊಂಡಿರುವ, ಅಥವಾ ಅದರಿಂದಲೇ ಸಾಕಿಸಿಕೊಳ್ಳುತ್ತಿರುವ, ಸಣ್ಣ ಊರುಗಳು. ನ್ಯೂಜೆರ್ಸಿಯಲ್ಲಿ ನಾವು ಹನ್ನೆರಡು ವರ್ಷ ಕಳೆದ ಮೇಲೆ, ಇವರು ಕೆಲಸ ಮಾಡುವ ಪ್ರಯೋಗಾಲಯದ ವಿಭಾಗ ಮುಂದಿನ ಬೇಸಿಗೆಗೆ ಮುಚ್ಚುತ್ತದೆ ಎಂಬ ಸುದ್ದಿ ಬಂತು. ಇನ್ನೊಂದು ಕಂಪನಿ, ಇನ್ನೊಂದು ಮುಚ್ಚುವಿಕೆ ಎಂಬ ಸರಣಿ ಇಬ್ಬರಿಗೂ ಸಾಕಾಗಿತ್ತು. ವಿಶ್ವವಿದ್ಯಾಲಯಗಳ ಸೂಕ್ಷ್ಮದರ್ಶಕ ಕೇಂದ್ರಗಳಲ್ಲಿ ಪ್ರಾಧ್ಯಾಪಕರಲ್ಲದ, ಉಪಕರಣಗಳನ್ನು ನೋಡಿಕೊಳ್ಳುವ ವಿಜ್ಞಾನಿಗಳ ಹುದ್ದೆ ಇರುತ್ತದೆ. ಇವರು ಅದಕ್ಕೆ ಅರ್ಜಿ ಹಾಕಿದರು. ಉತ್ತರ ಬಂದದ್ದು ಈ ಮೂರು ಕಡೆಯಿಂದ.

ಹಾಳೆಯ ಕೊನೆಯ ಸಾಲಿನಲ್ಲಿ ಮೊತ್ತ ಹಾಕಿದಾಗ ಬಂದ ಅಂಕಗಳು 81, 80 ಮತ್ತು 79. ಏಳನೆಯ ತರಗತಿಯ ಮಗಳು ನನ್ನ ಭುಜದ ಮೇಲಿನಿಂದ ಬಗ್ಗಿ ನೋಡಿ, "ಅಮ್ಮಾ, ಇದು ಒಂದೇ ಊರಿಗೆ ಮೂರು ಹೆಸರು ಇಟ್ಟ ಹಾಗಿದೆಯಲ್ಲ" ಎಂದಳು. ಆ ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಹಾಳೆಯನ್ನು ನೋಡಿದರೆ ಅವಳು ಹೇಳಿದ್ದು ನಿಜ. ಮೂರೂ ಕಡೆ ಸೈಕಲ್ ದಾರಿ ಇದೆ, ಶನಿವಾರ ರೈತರ ಸಂತೆ ಇದೆ, ಒಳ್ಳೆಯ ಗ್ರಂಥಾಲಯ ಇದೆ, ಸಂಗೀತ ಕಛೇರಿ ನಡೆಯುತ್ತದೆ, ಸರ್ಕಾರಿ ಶಾಲೆಗಳು ಚೆನ್ನಾಗಿವೆ, ಬೀದಿಯಲ್ಲಿ ಹತ್ತು ಭಾಷೆ ಕೇಳಿಸುತ್ತದೆ. ಆದರೆ ಆ ಊರುಗಳಲ್ಲಿ ನಡೆದಾಡಿ ಬಂದ ನನಗೆ ಅವು ಒಂದೇ ಅಲ್ಲ ಎಂಬುದೂ ಗೊತ್ತಿತ್ತು. ಹಾಗಾದರೆ ನಾನು ಕೇಳಿದ ಇಪ್ಪತ್ತಮೂರು ಪ್ರಶ್ನೆಗಳಲ್ಲಿ ಒಂದೂ ಆ ವ್ಯತ್ಯಾಸವನ್ನು ಮುಟ್ಟಲಿಲ್ಲವೇಕೆ?

ಸರಾಸರಿಯ ಒಳಗಿನ ಇಬ್ಬರು

ನಾನು ವೃತ್ತಿಯಿಂದ ಅಂಕಿಸಂಖ್ಯೆಯವಳು. ಆದ್ದರಿಂದ ಮೊದಲು ಅನುಮಾನ ಬಂದದ್ದು ನಾನು ತುಂಬಿದ್ದ ಅಂಕಿಗಳ ಮೇಲೆಯೇ. ಊರುಗಳನ್ನು ಹೋಲಿಸುವ ಜಾಲತಾಣಗಳೆಲ್ಲ ಕೊನೆಗೆ ಜನಗಣತಿಯ ಅಂಕಿಗಳಿಗೇ ಬಂದು ನಿಲ್ಲುತ್ತವೆ, ಮತ್ತು ಅಮೆರಿಕದ ಜನಗಣತಿ 1950ರಿಂದ ಕಾಲೇಜು ವಿದ್ಯಾರ್ಥಿಗಳನ್ನು ಅಪ್ಪ ಅಮ್ಮನ ಮನೆಯಲ್ಲಿ ಎಣಿಸದೆ ಓದುವ ಊರಿನಲ್ಲೇ ಎಣಿಸುತ್ತದೆ. 2020ರಲ್ಲಿ ಎಣಿಕೆಯ ದಿನವಾದ ಏಪ್ರಿಲ್ 1ರ ಹೊತ್ತಿಗೆ ಕೋವಿಡ್‌ನಿಂದಾಗಿ ವಿದ್ಯಾರ್ಥಿಗಳೆಲ್ಲ ಮನೆ ಸೇರಿದ್ದರು. ಆಗಲೂ ಅವರನ್ನು ಓದುವ ಊರಿಗೇ ಲೆಕ್ಕ ಹಾಕಬೇಕೆಂಬ ಸೂಚನೆ ಇತ್ತು. ಆ ವರ್ಷದ ಲೆಕ್ಕದಲ್ಲಿ ಇಥಾಕಾ ನಗರದ ಜನಸಂಖ್ಯೆ 32,108. ಅಲ್ಲಿನ ಕಾರ್ನೆಲ್ ವಿಶ್ವವಿದ್ಯಾಲಯ ಮತ್ತು ಇಥಾಕಾ ಕಾಲೇಜು ಎರಡರ ವಿದ್ಯಾರ್ಥಿಗಳನ್ನು ಕೂಡಿಸಿದರೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಅವರಲ್ಲಿ ಅನೇಕರು ನಗರದ ಗಡಿಯಾಚೆ ಇರುತ್ತಾರೆ ನಿಜ, ಆದರೂ ಆ ಊರಿನ ಮಧ್ಯಮ ವಯಸ್ಸು (ಅರ್ಧ ಜನ ಅದಕ್ಕಿಂತ ಕಿರಿಯರು, ಅರ್ಧ ಜನ ಹಿರಿಯರು ಎನ್ನುವ ಅಂಕಿ) ಸುಮಾರು 22 ಎಂದು ಓದಿದಾಗ ಅಲ್ಲಿ ಮುದುಕರೇ ಇಲ್ಲ ಎಂದು ಭಾವಿಸಬಾರದು. ಬಡತನದ ಅಂಕಿಯೂ ಹಾಗೆಯೇ. ಹಾಸ್ಟೆಲಿನಲ್ಲಿ ಇರುವವರನ್ನು ಆ ಲೆಕ್ಕದಿಂದ ಹೊರಗಿಡುತ್ತಾರೆ, ಹೊರಗೆ ಕೋಣೆ ಹಿಡಿದಿರುವವರನ್ನು ಸೇರಿಸಿಕೊಳ್ಳುತ್ತಾರೆ. ತಂದೆಯ ದುಡ್ಡಿನಲ್ಲಿ ಓದುತ್ತಾ ಸ್ವಂತ ಆದಾಯವಿಲ್ಲದ ಹುಡುಗ ಕಾಗದದ ಮೇಲೆ ಬಡವ. ಹಾಗಾಗಿ ಕಾಲೇಜು ಊರೆಂದರೆ ಎಳೆಯದು, ಬಡದು, ತುಂಬ ಓದಿಕೊಂಡದ್ದು, ಬಾಡಿಗೆಯಲ್ಲಿ ಬದುಕುವಂಥದ್ದು ಎಂಬ ಚಿತ್ರ ಎಲ್ಲ ದಿಕ್ಕಿನಲ್ಲೂ ಒಂದೇ ತೆರನಾಗಿ ಮೂಡುತ್ತದೆ.

ಆ ಚಿತ್ರದೊಳಗೆ ಇಬ್ಬರು ಬೇರೆ ಬೇರೆ ಜನ ಇದ್ದಾರೆ. ಒಬ್ಬರು ನಾಲ್ಕು ವರ್ಷಕ್ಕೆ ಹೋಗುವವರು, ಇನ್ನೊಬ್ಬರು ಮೂವತ್ತು ವರ್ಷದಿಂದ ಇರುವವರು. ಇಬ್ಬರನ್ನೂ ಕೂಡಿ ಎರಡರಿಂದ ಭಾಗಿಸಿದ ಊರಿನಲ್ಲಿ ಯಾರೂ ವಾಸ ಮಾಡುವುದಿಲ್ಲ. ನಾನು ಅಂಕ ಕೊಟ್ಟದ್ದು ಆ ಊರಿಗೆ.

ಬಾಡಿಗೆಯ ವಿಷಯದಲ್ಲಿ ಇದು ಕೈಗೆ ತಾಗುವಷ್ಟು ಸ್ಪಷ್ಟವಾಗಿ ಕಾಣುತ್ತದೆ. ಕ್ಯಾಂಪಸ್ಸಿನ ಹತ್ತಿರ ನಾಲ್ಕು ಮಲಗುವ ಕೋಣೆಯ ಮನೆಗೆ ಮಾಲೀಕರು ಮನೆಗಿಷ್ಟು ಎಂದು ಹೇಳುವುದಿಲ್ಲ, ಕೋಣೆಗಿಷ್ಟು ಎಂದು ಹೇಳುತ್ತಾರೆ. ನಾಲ್ಕು ವಿದ್ಯಾರ್ಥಿಗಳು ಕೊಡುವ ನಾಲ್ಕು ಬಾಡಿಗೆಯ ಎದುರು ಒಂದು ಸಂಸಾರದ ಒಂದು ಬಾಡಿಗೆ ನಿಂತು ಪೈಪೋಟಿ ನಡೆಸಬೇಕು. ಅದರ ಮೇಲೆ ಕಾಲದ ಕಟ್ಟು ಬೇರೆ: ಮುಂದಿನ ಆಗಸ್ಟ್‌ನ ಮನೆಗೆ ಈ ಚಳಿಗಾಲಕ್ಕೆ ಮುಂಚೆಯೇ ಸಹಿ ಹಾಕಿಸಿಕೊಳ್ಳುವ ಪದ್ಧತಿ. ಫೆಬ್ರುವರಿಯಲ್ಲಿ ಕೆಲಸ ಸಿಕ್ಕಿ ಏಪ್ರಿಲ್‌ನಲ್ಲಿ ಊರು ಸೇರುವ ಸಂಸಾರಕ್ಕೆ ಆ ಪಂಚಾಂಗದಲ್ಲಿ ಜಾಗವೇ ಇಲ್ಲ. ಮನೆ ಕೊಳ್ಳುವವರಿಗೆ ಇನ್ನೊಂದು ಲೆಕ್ಕ ಕಾದಿದೆ. ವಿಶ್ವವಿದ್ಯಾಲಯದ ನೆಲ ಮತ್ತು ಕಟ್ಟಡಗಳ ಬಹುಪಾಲಿಗೆ ಆಸ್ತಿ ತೆರಿಗೆ ಇಲ್ಲ. ರಸ್ತೆ, ಅಗ್ನಿಶಾಮಕ, ಶಾಲೆಗಳ ಖರ್ಚನ್ನು ಉಳಿದ ಮನೆಗಳು ಹೊರುತ್ತವೆ. ಕಾರ್ನೆಲ್ ತಾನಾಗಿ ನಗರಕ್ಕೆ ಎಷ್ಟು ಕೊಡಬೇಕು ಎಂಬುದು ಇಥಾಕಾದ ಹಳೆಯ ಜಗಳ. 2023ರಲ್ಲಿ ಅದು ವರ್ಷಕ್ಕೆ 40 ಲಕ್ಷ ಡಾಲರಿಗೆ ಬಂದು ನಿಂತಾಗಲೂ ಸಾಲದು ಎಂದವರು ಬಹಳ ಮಂದಿ. ನನಗೆ ಅವರ ಮಾತು ನ್ಯಾಯವೆಂದೇ ತೋರುತ್ತದೆ. ಊರಿನಲ್ಲಿ ಉಳಿದವರು ಹೋಗುವವರ ಪರವಾಗಿ ದುಡ್ಡು ಕಟ್ಟುತ್ತಾರೆ, ಆದರೆ ಊರಿನ ಹೆಸರು ಹೋಗುವವರಿಂದ ಬರುತ್ತದೆ.

ಜುಲೈ ಕೊನೆಯ ವಾರ, ಅಯೋವಾ ಸಿಟಿ

ಅರ್ಜಿ ಹಾಕಿ ಮುಂದಿನ ಕರೆಗೆ ಕಾಯುತ್ತಿದ್ದ ದಿನಗಳಲ್ಲಿ ಷಿಕಾಗೋದ ಸ್ನೇಹಿತರ ಮನೆಗೆ ಹೋಗಿದ್ದೆವು. ಅಲ್ಲಿಂದ ಅಯೋವಾ ಸಿಟಿಗೆ ಐ-80 ಹೆದ್ದಾರಿಯಲ್ಲಿ ಸುಮಾರು 220 ಮೈಲಿ. ಹೇಗೂ ಇಷ್ಟು ದೂರ ಬಂದಿದ್ದೇವೆ, ಒಂದು ರಾತ್ರಿ ಇದ್ದು ನೋಡಿ ಬರೋಣ ಎಂದು ಹೊರಟೆವು. ಅದು ಜುಲೈನ ಕೊನೆಯ ವಾರ ಎಂಬುದರ ಅರ್ಥ ನಮಗೆ ಆಗ ಗೊತ್ತಿರಲಿಲ್ಲ.

ಕ್ಯಾಂಪಸ್ಸಿನ ಪೂರ್ವದ ಬೀದಿಗಳಿಗೆ ತಿರುಗುತ್ತಿದ್ದ ಹಾಗೆ ಎರಡೂ ಬದಿಯಲ್ಲಿ ಮನೆಗಳ ಒಳಗೆ ಇರಬೇಕಾದದ್ದೆಲ್ಲ ಹೊರಗೆ ಬಂದು ನಿಂತಿತ್ತು. ಸೋಫಾಗಳು, ಪಕ್ಕೆ ಹರಿದ ಹಾಸಿಗೆಗಳು, ಬಾಗಿಲು ತೆರೆದುಕೊಂಡ ಪುಟ್ಟ ಫ್ರಿಜ್ಜುಗಳು, ಒಂದು ಕಾಲು ಕಳೆದುಕೊಂಡ ಮೇಜು, ಚೀಲದಲ್ಲಿ ಇನ್ನೂ ಅರ್ಧ ಅಕ್ಕಿ. ಒಂದು ವರ್ಷದ ಕರಾರುಗಳೆಲ್ಲ ಒಟ್ಟಿಗೇ ಮುಗಿದು, ಹೊಸ ಕರಾರುಗಳೆಲ್ಲ ಒಟ್ಟಿಗೇ ಶುರುವಾಗುವ ವಾರ ಅದು. ನಡುವಿನ ಕೆಲವು ದಿನ ಅನೇಕ ಹುಡುಗರಿಗೆ ಹಳೆಯ ಮನೆಯೂ ಇಲ್ಲ, ಹೊಸ ಮನೆಯೂ ಇಲ್ಲ. ಬಿಸಿಲು ಜೋರಾಗಿತ್ತು. ಗಾಳಿಯಲ್ಲಿ ಮೆಕ್ಕೆಜೋಳದ ಹೊಲದ ತೇವ. ಇವರು ಕಾರನ್ನು ನೆರಳಿಗೆ ನಿಲ್ಲಿಸಿದರು, ನಾನು ಮತ್ತು ಮಗಳು ಇಳಿದು ನಡೆದೆವು.

ಆ ಬೀದಿಯಲ್ಲಿ ಎಪ್ಪತ್ತರ ಆಸುಪಾಸಿನ ಒಬ್ಬ ಹೆಂಗಸು ಎರಡು ಗಾಲಿಯ ಕೈಗಾಡಿ ಇಟ್ಟುಕೊಂಡು ಕುರ್ಚಿಗಳನ್ನು ನೋಡುತ್ತಿದ್ದರು. ನೋಡುವುದೆಂದರೆ ಸುಮ್ಮನೆ ಕಣ್ಣಾಡಿಸುವುದಲ್ಲ. ಒಂದು ಮರದ ಕುರ್ಚಿಯನ್ನು ಎತ್ತಿ ತಲೆಕೆಳಗು ಮಾಡಿ ಹುಲ್ಲಿನ ಮೇಲೆ ಇಟ್ಟು, ಕಾಲು ಮತ್ತು ಅಡ್ಡಪಟ್ಟಿ ಕೂಡುವ ಪ್ರತಿ ಸಂದಿಯನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿದರು. ಒಂದು ಸಂದಿಯಲ್ಲಿ ಹಳೆಯ ಗೋಂದು ಪುಡಿಯಾಗಿ ಉದುರಿತು. ಉಳಿದ ಮೂರು ಕಾಲುಗಳನ್ನು ಒಂದೊಂದಾಗಿ ತಿರುಚಿ, ಸದ್ದು ಬರುತ್ತದೆಯೋ ಎಂದು ಕಿವಿ ಹತ್ತಿರ ತಂದು ಕೇಳಿ, ಆಮೇಲೆ ಅದನ್ನು ಗಾಡಿಯ ಮೇಲೆ ಮಲಗಿಸಿದರು. ಮಗಳು ನೋಡುತ್ತಾ ನಿಂತದ್ದನ್ನು ಕಂಡು, "ಇದು ಕೆಟ್ಟಿಲ್ಲ ಮಗು, ಗೋಂದು ಮಾತ್ರ ಬಿಟ್ಟಿದೆ. ಎರಡು ದಿನ ಬಿಗಿದು ಕಟ್ಟಿಟ್ಟರೆ ಇನ್ನು ಇಪ್ಪತ್ತು ವರ್ಷ ಕೂರಬಹುದು" ಎಂದರು. ಸರಿ ಮಾಡಿದ ಕುರ್ಚಿಗಳನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ಆಗಸ್ಟ್‌ನಲ್ಲಿ ಹೊರದೇಶಗಳಿಂದ ಬರುವ ಸಂಸಾರಗಳು ಎರಡು ಸೂಟ್‌ಕೇಸಿನೊಡನೆ ಖಾಲಿ ಮನೆಗೆ ಬಂದು ನೆಲದ ಮೇಲೆ ಕೂರುತ್ತವೆ, ಅವರಿಗೆ ಕೊಡುತ್ತೇನೆ ಎಂದರು. ಗಂಡನ ಓದಿಗೆಂದು ಬಂದು, ಓದು ಮುಗಿದು, ಗಂಡನೂ ತೀರಿಕೊಂಡು, ತಾವು ಮಾತ್ರ ನಲವತ್ತಕ್ಕೂ ಹೆಚ್ಚು ಜುಲೈಗಳನ್ನು ಆ ಊರಿನಲ್ಲೇ ನೋಡಿದವರು.

ನಾವು ಇಲ್ಲಿಗೆ ಬರುವ ಯೋಚನೆಯಲ್ಲಿದ್ದೇವೆ ಎಂದು ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. "ನೀವು ಓದಲು ಬರುತ್ತೀರೋ, ಇರಲು ಬರುತ್ತೀರೋ?"

ಇರಲು ಎಂದೆ. ಹಾಗಿದ್ದರೆ ಕೂರಿ ಎಂದರು. ಬೀದಿಬದಿಯ ಸೋಫಾ ಒಂದರ ಮೇಲೆ ಒಂದು ಗಂಟೆ ಕೂತೆವು. ಯಾವ ಶಾಲೆಯಲ್ಲಿ ಯಾವ ಮೇಷ್ಟ್ರು ಎಷ್ಟು ವರ್ಷದಿಂದ ಇದ್ದಾರೆ, ಯಾವ ಬೀದಿಯಲ್ಲಿ ವಿದ್ಯಾರ್ಥಿಗಳಿಗೆ ಬಾಡಿಗೆ ಕೊಡುವುದಿಲ್ಲ, ಹಿಮ ಬಿದ್ದಾಗ ಯಾರ ಮನೆ ಮುಂದಿನದನ್ನು ಯಾರು ಗೋರುತ್ತಾರೆ ಎಂಬುದನ್ನೆಲ್ಲ ಹೇಳಿದರು. 2008ರ ಜೂನ್‌ನಲ್ಲಿ ಅಯೋವಾ ನದಿ ಉಕ್ಕಿದಾಗ ಮರಳುಚೀಲ ಕೈಬದಲಿಸುವ ಸಾಲಿನಲ್ಲಿ ತಾವೂ ನಿಂತದ್ದನ್ನು ಹೇಳುವಾಗ ಅವರ ಕೈ ತಾನಾಗಿಯೇ ಎಡದಿಂದ ತೆಗೆದುಕೊಂಡು ಬಲಕ್ಕೆ ಕೊಡುವ ಚಲನೆ ಮಾಡಿತು. ಆ ಪ್ರವಾಹದಲ್ಲಿ ಹಾಳಾದ ಹ್ಯಾಂಚರ್ ಸಭಾಂಗಣದ ಬದಲಿಗೆ ಹೊಸದು ತೆರೆದದ್ದು 2016ರಲ್ಲಿ. ವಿಶ್ವವಿದ್ಯಾಲಯದ ಕಲಾ ಸಂಗ್ರಹಾಲಯವನ್ನು ತೆರವು ಮಾಡಿಸಿದಾಗ ಜಾಕ್ಸನ್ ಪೊಲಾಕ್‌ನ ಬೃಹತ್ ಚಿತ್ರ 'ಮ್ಯೂರಲ್' ಊರು ಬಿಟ್ಟಿತು; ಹೊಸ ಸಂಗ್ರಹಾಲಯ ಆಗಿ ಅದು ವಾಪಸು ಬಂದದ್ದು 2022ರಲ್ಲಿ, ಅಂದರೆ ಹದಿನಾಲ್ಕು ವರ್ಷಕ್ಕೆ. "ನಡುವೆ ಮೂರು ತಲೆಮಾರಿನ ವಿದ್ಯಾರ್ಥಿಗಳು ಅದನ್ನು ನೋಡದೆಯೇ ಪದವಿ ಮುಗಿಸಿ ಹೋದರು. ಅದು ಹೋದದ್ದನ್ನೂ ಬಂದದ್ದನ್ನೂ ನೋಡಿದವರು ನಾವು" ಎಂದರು. ನಾವು ಎಂಬ ಆ ಪದದಲ್ಲಿ ಯಾರೆಲ್ಲ ಇದ್ದಾರೆ ಎಂದು ನಾನು ಅಂದಿನಿಂದ ಯೋಚಿಸುತ್ತಲೇ ಇದ್ದೇನೆ.

ಆ ಊರಿನ ಚರಿತ್ರೆಯೂ ಇಂಥದ್ದೇ ಒಂದು ಉಳಿಯುವಿಕೆಯಿಂದ ಶುರುವಾದದ್ದು. ಅಯೋವಾದ ರಾಜಧಾನಿ ಮೊದಲು ಇಲ್ಲಿತ್ತು. 1857ರಲ್ಲಿ ಅದು ಡಿ ಮೊಯ್ನ್‌ಗೆ ಹೋಯಿತು. ಬಿಟ್ಟುಹೋದ ಬಂಗಾರದ ಗುಮ್ಮಟದ ಶಾಸನಸಭೆಯ ಕಟ್ಟಡ ವಿಶ್ವವಿದ್ಯಾಲಯದ ಕೈಗೆ ಬಂತು. ಕೊರ್ವಾಲಿಸ್ ಕೂಡ 1855ರಲ್ಲಿ ಕೆಲವು ಕಾಲ ಆರೆಗಾನ್ ಪ್ರಾಂತ್ಯದ ರಾಜಧಾನಿಯಾಗಿದ್ದು ಅದನ್ನು ಸೇಲಂಗೆ ಬಿಟ್ಟುಕೊಟ್ಟ ಊರೇ. ದೊಡ್ಡ ಅಧಿಕಾರ ಕೈತಪ್ಪಿದ ಜಾಗಗಳಲ್ಲಿ ಕಾಲೇಜು ಬೇರುಬಿಟ್ಟಿರುವ ಕಥೆ ಈ ದೇಶದಲ್ಲಿ ಮತ್ತೆ ಮತ್ತೆ ಸಿಗುತ್ತದೆ.

ವೈದ್ಯರು ಎಷ್ಟು ಮೈಲಿ ದೂರ

ಮಗಳಿಗೆ ಚಿಕ್ಕಂದಿನಿಂದ ಉಬ್ಬಸ. 2023ರ ಜೂನ್‌ನಲ್ಲಿ ಕೆನಡಾದ ಕಾಡ್ಗಿಚ್ಚಿನ ಹೊಗೆ ನ್ಯೂಜೆರ್ಸಿಯ ಆಕಾಶವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸಿದ ದಿನ ಕಿಟಕಿಗಳ ಸಂದಿಗೆಲ್ಲ ಒದ್ದೆ ಬಟ್ಟೆ ತುರುಕಿ, ಅವಳ ಪಕ್ಕದಲ್ಲಿ ಕೂತು ಉಸಿರು ಎಣಿಸಿದವಳು ನಾನು. ಆದ್ದರಿಂದ ಹಾಳೆಯಲ್ಲಿ 'ಆಸ್ಪತ್ರೆ' ಎಂಬ ಸಾಲು ಇದ್ದೇ ಇತ್ತು. ಮೂರೂ ಊರುಗಳಿಗೆ ನಾಲ್ಕು ನಾಲ್ಕು ಅಂಕ ಕೊಟ್ಟಿದ್ದೆ, ಏಕೆಂದರೆ ಮೂರೂ ಕಡೆ ಆಸ್ಪತ್ರೆ ಇದೆ ಮತ್ತು ಮೂರೂ ಕಡೆ ದೊಡ್ಡ ವಿಶ್ವವಿದ್ಯಾಲಯ ಇದೆ. ಆ ಎರಡು ವಾಕ್ಯಗಳ ನಡುವೆ ನಾನು ಹಾಕಿಕೊಂಡ ಸಂಬಂಧ ತಪ್ಪಾಗಿತ್ತು.

ಇಥಾಕಾಗೆ ಹೋದದ್ದು ನವೆಂಬರ್‌ನಲ್ಲಿ, ಥ್ಯಾಂಕ್ಸ್‌ಗಿವಿಂಗ್ ರಜೆಯ ವಾರ. ಇವರ ಮಾತುಕತೆ ಮಂಗಳವಾರ ಮುಗಿಯಿತು. ನಾವು ಶನಿವಾರದವರೆಗೆ ಇದ್ದೆವು. ಊರು ಅತಿ ಸುಂದರ. ಕಯೂಗಾ ಸರೋವರದ ತುದಿಯಲ್ಲಿ ಸಮತಟ್ಟಾದ ಪೇಟೆ, ಮೂರು ಕಡೆ ಏರುವ ಗುಡ್ಡಗಳು, ಗುಡ್ಡಗಳನ್ನು ಸೀಳಿಕೊಂಡು ಇಳಿಯುವ ಕಮರಿಗಳು, ಕಮರಿಗಳಲ್ಲಿ ಜಲಪಾತ. ಕಾರ್ನೆಲ್ ಪೂರ್ವದ ಗುಡ್ಡದ ಮೇಲಿದೆ. ಬುಧವಾರ ಸಂಜೆಯ ಹೊತ್ತಿಗೆ ಗುಡ್ಡದ ದೀಪಗಳು ಒಂದೊಂದೇ ಆರಿದವು, ಗುರುವಾರ ಪೇಟೆಯಲ್ಲಿ ನಮ್ಮ ಹೆಜ್ಜೆ ಸದ್ದು ನಮಗೇ ಕೇಳಿಸಿತು. ಆ ರಾತ್ರಿ ತಣ್ಣನೆಯ ಗಾಳಿಗೆ ಮಗಳ ಎದೆ ಸಿಳ್ಳೆ ಹೊಡೆಯಲು ಶುರುವಾಯಿತು. ಇನ್‌ಹೇಲರಿನಲ್ಲಿ ಎರಡು ಸಲ, ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಎರಡು ಸಲ; ಅದಕ್ಕೇ ನಿಂತಿತು, ದೇವರು ದೊಡ್ಡವನು. ಆದರೆ ಅವಳನ್ನು ತೊಡೆಗೆ ಒರಗಿಸಿಕೊಂಡು ಕೂತಿದ್ದಾಗ ಫೋನಿನಲ್ಲಿ ಹುಡುಕಿದೆ: ಅತಿ ಹತ್ತಿರದ ದೊಡ್ಡ ಮಕ್ಕಳ ಆಸ್ಪತ್ರೆ ಸಿರಾಕ್ಯೂಸ್‌ನಲ್ಲಿ, ಹಿಮವಿಲ್ಲದ ದಿನ ಒಂದು ಗಂಟೆಗೂ ಸ್ವಲ್ಪ ಹೆಚ್ಚು. ಇಥಾಕಾದ ಮೂಲಕ ಅಂತರರಾಜ್ಯ ಹೆದ್ದಾರಿ ಯಾವುದೂ ಹಾಯ್ದುಹೋಗುವುದಿಲ್ಲ. ಊರಿನ ಆಸ್ಪತ್ರೆ ಒಳ್ಳೆಯದೇ ಎಂದು ಅಲ್ಲಿನವರೆಲ್ಲ ಹೇಳಿದರು, ನಾನು ನಂಬುತ್ತೇನೆ. ಆದರೆ ಕಾರ್ನೆಲ್‌ನ ವೈದ್ಯಕೀಯ ಕಾಲೇಜು 1898ರಲ್ಲಿ ಹುಟ್ಟಿದ್ದೇ ನ್ಯೂಯಾರ್ಕ್ ನಗರದಲ್ಲಿ, ಇವತ್ತಿಗೂ ಇರುವುದು ಅಲ್ಲಿಯೇ. ಇಥಾಕಾದ ಗುಡ್ಡದ ಮೇಲೆ ಇರುವುದು ಪಶುವೈದ್ಯ ಕಾಲೇಜು.

ಕೊರ್ವಾಲಿಸ್‌ನಲ್ಲೂ ಹಾಗೆಯೇ. ಅಲ್ಲಿನ ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಶುವೈದ್ಯ ಕಾಲೇಜು ಇದೆ, ಔಷಧಶಾಸ್ತ್ರ ಇದೆ, ಕೃಷಿ ಇದೆ, ಕಾಡಿನ ವಿದ್ಯೆ ಇದೆ. ರಾಜ್ಯದ ವೈದ್ಯಕೀಯ ವಿಶ್ವವಿದ್ಯಾಲಯ ಮತ್ತು ಅದರ ಮಕ್ಕಳ ಆಸ್ಪತ್ರೆ ಪೋರ್ಟ್‌ಲ್ಯಾಂಡ್‌ನಲ್ಲಿವೆ, ಒಂದೂವರೆ ಗಂಟೆಯ ದಾರಿ. ಇದು ಕಾಕತಾಳೀಯವಲ್ಲ. 1862ರ ಮೊರಿಲ್ ಕಾಯಿದೆ ಒಕ್ಕೂಟ ಸರ್ಕಾರದ ಭೂಮಿಯನ್ನು ರಾಜ್ಯಗಳಿಗೆ ಕೊಟ್ಟು, ಅದರಿಂದ ಬಂದ ಹಣದಲ್ಲಿ ಕೃಷಿಯನ್ನೂ ಯಂತ್ರವಿದ್ಯೆಯನ್ನೂ ಕಲಿಸುವ ಕಾಲೇಜು ನಡೆಸಿ ಎಂದಿತು. ಕಾರ್ನೆಲ್ ಮತ್ತು ಆರೆಗಾನ್ ಸ್ಟೇಟ್ ಆ ಸಾಲಿನವು. (ಆ ಭೂಮಿಯ ಬಹುಪಾಲು ಮೂಲನಿವಾಸಿಗಳಿಂದ ಕಸಿದುಕೊಂಡದ್ದು ಎಂಬುದನ್ನು ಇತ್ತೀಚೆಗೆ ಈ ವಿಶ್ವವಿದ್ಯಾಲಯಗಳೇ ಒಪ್ಪಿಕೊಳ್ಳುತ್ತಿವೆ, ಆ ಕಥೆ ಬೇರೆಯೇ ಬರಹ ಬೇಡುತ್ತದೆ.) ಅಯೋವಾದಲ್ಲಿ ಆ ಭೂಮಿ ಏಮ್ಸ್ ಊರಿನ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಯಿತು, ದನಕರುಗಳ ವೈದ್ಯ ಅಲ್ಲಿಗೆ ಹೋದ. ಅಯೋವಾ ಸಿಟಿಗೆ ಉಳಿದದ್ದು ಕಾನೂನು, ಸಾಹಿತ್ಯ ಮತ್ತು ಮನುಷ್ಯರ ವೈದ್ಯ. ನೂರೈವತ್ತು ವರ್ಷದ ಹಿಂದೆ ಶಾಸನಸಭೆಯಲ್ಲಿ ಯಾರೋ ಹಂಚಿಕೊಂಡ ಪಾಲು ಈಗ ನನ್ನ ಮಗಳ ಉಸಿರಾಟಕ್ಕೆ ಎಷ್ಟು ಮೈಲಿ ಎಂಬುದನ್ನು ತೀರ್ಮಾನಿಸುತ್ತದೆ.

ಅಯೋವಾ ಸಿಟಿಯ ಮಕ್ಕಳ ಆಸ್ಪತ್ರೆಯ ಎತ್ತರದ ಕಟ್ಟಡ ಕಿನ್ನಿಕ್ ಫುಟ್‌ಬಾಲ್ ಕ್ರೀಡಾಂಗಣಕ್ಕೆ ಅಂಟಿಕೊಂಡಂತೆ ನಿಂತಿದೆ. 2017ರಿಂದ ಅಲ್ಲಿ ಪ್ರತಿ ಪಂದ್ಯದ ಮೊದಲ ಕಾಲು ಭಾಗ ಮುಗಿದೊಡನೆ ಇಡೀ ಕ್ರೀಡಾಂಗಣ, ಎರಡೂ ತಂಡದವರು ಮತ್ತು ತೀರ್ಪುಗಾರರೂ ಸೇರಿ, ಆಸ್ಪತ್ರೆಯ ಕಿಟಕಿಗಳ ಕಡೆ ತಿರುಗಿ ಒಳಗಿರುವ ಮಕ್ಕಳಿಗೆ ಕೈಬೀಸುತ್ತದೆ. ಕ್ರೀಡಾಂಗಣ ತುಂಬಿಸುವವರಲ್ಲಿ ಹೆಚ್ಚಿನವರು ಬಂದು ಹೋಗುವವರು. ಕಿಟಕಿಯ ಹಿಂದಿರುವ ಮಗು ಎಲ್ಲಿಗೂ ಹೋಗಲಾರದ್ದು. ಕಾಲೇಜು ಊರಿನ ಎರಡು ಭಾಗಗಳು ಎದುರುಬದುರು ನೋಡಿಕೊಳ್ಳುವ ಅಂಥ ಒಂದು ಗಳಿಗೆ ಬೇರೆಲ್ಲೂ ಇದ್ದದ್ದು ನನಗೆ ಗೊತ್ತಿಲ್ಲ.

ಇಥಾಕಾದ ಹುದ್ದೆಯನ್ನು ಒಲ್ಲೆ ಎಂದು ಇವರು ಪತ್ರ ಬರೆದರು. ಬರೆಯುವಾಗ ಇಬ್ಬರಿಗೂ ಸಂಕಟವಾಯಿತು. ಆ ಕಮರಿಗಳ ಅಂಚಿನಲ್ಲಿ ನಡೆಯುವಾಗ ಇವರ ಮುಖ ಹೇಗಿತ್ತೆಂದು ನಾನು ನೋಡಿದ್ದೆ. "ಬಿಡು, ಬೇಸಿಗೆಯಲ್ಲಿ ಬಂದು ನೋಡಿಕೊಂಡು ಹೋಗೋಣ" ಎಂದಷ್ಟೇ ಹೇಳಿದರು.

ನಮ್ಮವರು ಯಾರಾದರೂ

ತೆರಿಗೆಯ ಲೆಕ್ಕವನ್ನು ಇಲ್ಲಿ ಬೆಳೆಸುವುದಿಲ್ಲ. ಆರೆಗಾನ್‌ನಲ್ಲಿ ಮಾರಾಟ ತೆರಿಗೆ ಇಲ್ಲ, ಆದರೆ ಆದಾಯ ತೆರಿಗೆ 9.9 ಶೇಕಡಾವರೆಗೆ ಏರುತ್ತದೆ. ಅಯೋವಾ 2025ರಿಂದ ಎಲ್ಲರಿಗೂ 3.8 ಶೇಕಡಾ ಎಂದಿದೆ. ಒಂದು ಕಡೆ ಉಳಿದದ್ದು ಇನ್ನೊಂದು ಕಡೆ ಹೋಗುತ್ತದೆ, ಸಂಸಾರ ಸಾಗುತ್ತದೆ.

ಅದಕ್ಕಿಂತ ಬಿಗಿಯಾದದ್ದು ವೀಸಾದ ಗಂಟು. ನನ್ನದು ಮನೆಯಿಂದಲೇ ಮಾಡುವ ಕೆಲಸ, ಎಲ್ಲಿಂದ ಬೇಕಾದರೂ ಮಾಡಬಹುದಲ್ಲ ಎಂದು ಎಲ್ಲರೂ ಅನ್ನುತ್ತಾರೆ. ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿರುವ ನಮ್ಮಂಥವರಿಗೆ ಎಲ್ಲಿಂದ ಬೇಕಾದರೂ ಎಂಬುದಿಲ್ಲ. ಕೆಲಸದ ಜಾಗ ಮಹಾನಗರ ಪ್ರದೇಶದ ಗಡಿ ದಾಟಿದರೆ ಕಂಪನಿ ಆ ಹೊಸ ಜಾಗದ ಸಂಬಳದ ಮಟ್ಟ ತೋರಿಸಿ ತಿದ್ದುಪಡಿ ಅರ್ಜಿ ಹಾಕಬೇಕು. 2015ರ ಒಂದು ತೀರ್ಪಿನ ಮೇಲೆ ಅದು ಖಚಿತವಾಯಿತು. ಇವರ ಗ್ರೀನ್ ಕಾರ್ಡಿನ ಕಾರ್ಮಿಕ ಪ್ರಮಾಣಪತ್ರವನ್ನು ಹೊಸ ಉದ್ಯೋಗದಾತರು ಮೊದಲಿನಿಂದ ಮಾಡಿಸಬೇಕು, ಸರದಿಯ ಹಳೆಯ ದಿನಾಂಕ ಮಾತ್ರ ಕೈಯಲ್ಲಿ ಉಳಿಯುತ್ತದೆ. ನಮ್ಮಂಥವರು ಊರು ಬದಲಿಸುವುದೆಂದರೆ ಸಾಮಾನಿಗಿಂತ ಮೊದಲು ಕಾಗದಗಳನ್ನು ಸಾಗಿಸುವುದು.

ಹಾಗಾಗಿಯೇ ಈ ಊರುಗಳಲ್ಲಿ ಕನ್ನಡದವರು ಇದ್ದೂ ಇಲ್ಲದಂತೆ ಇರುತ್ತಾರೆ. ಪಿಎಚ್‌ಡಿಗೆ ಬಂದವರು, ಪೋಸ್ಟ್‌ಡಾಕ್‌ಗೆ ಬಂದವರು, ಎರಡು ವರ್ಷದ ಮಾಸ್ಟರ್ಸ್‌ಗೆ ಬಂದವರು. ಅಮ್ಮ ಫೋನಿನಲ್ಲಿ "ಅಲ್ಲಿ ನಮ್ಮವರು ಅಂತ ಯಾರಾದರೂ ಇದ್ದಾರೇನೇ?" ಎಂದು ಕೇಳಿದಾಗ, "ಇದ್ದಾರಮ್ಮ, ಆದರೆ ಎಷ್ಟು ದಿನ ಇರ್ತಾರೋ" ಎಂದೆ. ಅಯೋವಾ ಸಿಟಿಯಲ್ಲಿ ಹನ್ನೊಂದು ವರ್ಷದಿಂದ ಇರುವ ಒಬ್ಬರೊಡನೆ ಮಾತಾಡಿದೆ. ಪ್ರತಿ ಮೇ ತಿಂಗಳಲ್ಲಿ ಮೂರು ನಾಲ್ಕು ಸಂಸಾರಗಳಿಗೆ ಬೀಳ್ಕೊಡುಗೆಯ ಊಟ, ಪ್ರತಿ ಆಗಸ್ಟ್‌ನಲ್ಲಿ ಮೂರು ನಾಲ್ಕು ಹೊಸಬರಿಗೆ ಮೊದಲ ಊಟ. "ಮೊದಲ ಐದು ವರ್ಷ ತುಂಬಾ ಅತ್ತೆ ಅಕ್ಕಾ. ಆಮೇಲೆ ನಮ್ಮ ಬೀದಿಯವರ ಹೆಸರು ಕಲಿತೆ" ಎಂದರು ಅವರು. ನಾನು ಕೇಳಬೇಕೆಂದುಕೊಂಡಿದ್ದ ಉಳಿದ ಪ್ರಶ್ನೆಗಳು ಆ ಮಾತಿನ ಮುಂದೆ ನಿಲ್ಲಲಿಲ್ಲ. ನಮ್ಮವರು ಎಂದರೆ ನಮ್ಮ ಭಾಷೆಯವರು ಎಂದು ನಾನು ತಿಳಿದಿದ್ದೆ. ಈ ಊರುಗಳಲ್ಲಿ ಅದಕ್ಕೆ ನಮ್ಮ ಜೊತೆ ಉಳಿಯುವವರು ಎಂಬ ಅರ್ಥವೂ ಬರುತ್ತದೆ.

ಖಾಲಿ ಚೌಕ

ಇನ್ನು ಕೊರ್ವಾಲಿಸ್. ಅದನ್ನು ನಾವು ನೋಡಿದ್ದು ಅಕ್ಟೋಬರ್ ನಡುವಿನಲ್ಲಿ, ಇವರ ಸಂದರ್ಶನದ ಜೊತೆಗೆ. ಅಲ್ಲಿ ವರ್ಷವನ್ನು ಮೂರು ತಿಂಗಳ ಪಾದಗಳಾಗಿ ಒಡೆದಿರುವುದರಿಂದ ಪಾಠ ಶುರುವಾಗುವುದೇ ಸೆಪ್ಟೆಂಬರ್ ಕೊನೆಗೆ. ನಾವು ಹೋದಾಗ ಊರು ಉಕ್ಕುತ್ತಿತ್ತು. ನಗರದ ಬಸ್ಸಿಗೆ 2011ರಿಂದ ಟಿಕೆಟ್ ಇಲ್ಲ. ಹತ್ತಿ ಕೂತರೆ ಬಸ್ಸಿನ ತುಂಬ ಒದ್ದೆ ಕೋಟಿನ ಹುಡುಗರು, ಗಾಜಿನ ಮೇಲೆ ಉಸಿರಿನ ಮಂಜು, ಹೊರಗೆ ಸದ್ದಿಲ್ಲದ ಜಿಟಿಜಿಟಿ ಮಳೆ. ಕಣಿವೆಯ ಎರಡೂ ಕಡೆಯ ಬೆಟ್ಟಗಳು ಅರ್ಧಕ್ಕೇ ಮೋಡದಲ್ಲಿ ಮುಚ್ಚಿಹೋಗಿದ್ದವು. ಆ ಹಸಿರು ನನಗೆ ಬಹಳ ಹಿಡಿಸಿತು. 2020ರ ಸೆಪ್ಟೆಂಬರ್‌ನಲ್ಲಿ ಅದೇ ಕಣಿವೆ ಕಾಡ್ಗಿಚ್ಚಿನ ಹೊಗೆಯಲ್ಲಿ ಮುಳುಗಿತ್ತು ಎಂಬುದು ಗೊತ್ತು. ಹೊಗೆ ಈಗ ಯಾವ ದಿಕ್ಕನ್ನೂ ಬಿಟ್ಟಿಲ್ಲ ಎಂಬುದೂ ಗೊತ್ತು. ವಿಶ್ವವಿದ್ಯಾಲಯದ ಹೊರಗೆ ಕೆಲಸ ಕೊಡುತ್ತಿದ್ದ ದೊಡ್ಡ ಸಂಸ್ಥೆ ಎಚ್‌ಪಿ. ಇಂಕ್‌ಜೆಟ್ ಪ್ರಿಂಟರ್ ಬೆಳೆದದ್ದು ಅಲ್ಲಿಯೇ, 1984ರ ಥಿಂಕ್‌ಜೆಟ್ ಅಲ್ಲಿನ ಕೂಸು. ಆ ಕಾಲದಲ್ಲಿ ಇದ್ದಷ್ಟು ಜನ ಈಗ ಆ ಕ್ಯಾಂಪಸ್ಸಿನಲ್ಲಿಲ್ಲ. ಅಲ್ಲಿಂದ ನಿವೃತ್ತರಾಗಿ ಊರು ಬಿಡದವರು ಎಷ್ಟು ಮಂದಿ, ಅವರು ಸಂಜೆ ಎಲ್ಲಿ ಸೇರುತ್ತಾರೆ, ಅವರ ಬೀದಿಗಳು ಯಾವುವು ಎಂದು ಕೇಳಿಕೊಳ್ಳಲು ಆ ಎರಡು ದಿನದಲ್ಲಿ ಆಗಲಿಲ್ಲ. ಮಾತಿಗೆ ಸಿಕ್ಕವರೆಲ್ಲ ಇಪ್ಪತ್ತರ ಹುಡುಗರು, ಒಳ್ಳೆಯ ಹುಡುಗರು, ದಾರಿ ಕೇಳಿದರೆ ಜೊತೆಗೇ ಬಂದು ತೋರಿಸಿದವರು. ಅವರಲ್ಲಿ ಯಾರೂ ಅಲ್ಲಿ ಮೂರು ಚಳಿಗಾಲಕ್ಕಿಂತ ಹೆಚ್ಚು ಕಂಡಿರಲಿಲ್ಲ.

ಒಂದು ಊರನ್ನು ಜುಲೈ ಕೊನೆಯಲ್ಲಿ ಖಾಲಿಯಾಗುತ್ತಿರುವಾಗ ನೋಡಿ, ಇನ್ನೊಂದನ್ನು ಅಕ್ಟೋಬರ್‌ನಲ್ಲಿ ತುಂಬಿ ತುಳುಕುವಾಗ ನೋಡಿ ಅಂಕ ಕೊಡುವುದು ಸರಿಯಲ್ಲ ಎಂದು ಕಳೆದ ಭಾನುವಾರ ಹಾಳೆಯ ಮುಂದೆ ಕೂತಾಗ ಇವರಿಗೆ ಹೇಳಿದೆ. ಎರಡೂ ಕಡೆಯ ಆಫರ್‌ಗಳಿಗೆ ಜನವರಿ ಮೊದಲ ವಾರದೊಳಗೆ ಉತ್ತರ ಕೊಡಬೇಕು. ಇಪ್ಪತ್ತಮೂರು ಸಾಲುಗಳನ್ನು ಅಡಗಿಸಿಟ್ಟು ಮೇಲೆ ಒಂದೇ ಹೊಸ ಸಾಲು ಸೇರಿಸಿದ್ದೇನೆ: ವಿದ್ಯಾರ್ಥಿಗಳು ಹೋದ ಮೇಲೆ ಯಾರು ಇದ್ದಾರೆ. ಅಯೋವಾ ಸಿಟಿಯ ಚೌಕದಲ್ಲಿ ಕುರ್ಚಿ ರಿಪೇರಿ ಮಾಡುವವರ ವಿಳಾಸ ಇದೆ, ಹನ್ನೊಂದು ವರ್ಷದವರ ಫೋನ್ ನಂಬರ್ ಇದೆ, ಮಕ್ಕಳ ಆಸ್ಪತ್ರೆಗೆ ಹತ್ತು ನಿಮಿಷ ಎಂದು ಮಗಳು ತಾನೇ ಬರೆದಿದ್ದಾಳೆ. ಕೊರ್ವಾಲಿಸ್‌ನ ಚೌಕ ಖಾಲಿ ಇದೆ.

"ರೀ, ಡಿಸೆಂಬರ್ ಎರಡನೆಯ ವಾರಕ್ಕೆ ಅವರ ಪರೀಕ್ಷೆ ಮುಗಿಯುತ್ತಂತೆ. ಅದರ ಮುಂದಿನ ವಾರ ಹೋದರೆ ಬಸ್ಸಿನಲ್ಲಿ ಯಾರು ಕೂತಿರುತ್ತಾರೆ ನೋಡಬಹುದು" ಎಂದೆ. ಇವರು ಆಗಲೇ ಫೋನ್ ತೆಗೆದಿದ್ದರು. ಪೋರ್ಟ್‌ಲ್ಯಾಂಡ್‌ಗೆ ಮೂರು ಟಿಕೆಟ್ ಆಗಿದೆ. ಮಗಳ ಇನ್‌ಹೇಲರಿನ ಹೊಸ ಡಬ್ಬಿಯನ್ನೂ, ಎರಡು ಜೊತೆ ಮಳೆಯಂಗಿಯನ್ನೂ ಈಗಲೇ ಚೀಲದಲ್ಲಿ ಇಟ್ಟಿದ್ದೇನೆ.